ಪಪ್ಪಿ ಲಿನಕ್ಸ್‌ನ ಸೇವ್ ಫೋಲ್ಡರ್: ಪೆನ್‌ಡ್ರೈವ್‌ನಿಂದಲೇ ದಿನದ ಕೆಲಸ ಮಾಡುವವರ ಅನುಭವ

ಹಾರ್ಡ್‌ಡಿಸ್ಕ್ ಕೈಕೊಟ್ಟ ಲ್ಯಾಪ್‌ಟಾಪ್ ಒಂದಿದೆ, ರ‍್ಯಾಮ್ 4 ಜಿಬಿ, ಬ್ಯಾಟರಿ ಹೆಸರಿಗೆ ಮಾತ್ರ. ಅದಕ್ಕೆ ಹೊಸ ಡಿಸ್ಕ್ ಹಾಕಿಸಲಿಲ್ಲ. ಪೆನ್‌ಡ್ರೈವ್‌ನಲ್ಲಿ ಪಪ್ಪಿ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡೆ, ಈಗಲೂ ಅದರಲ್ಲೇ ಕೆಲಸ ನಡೆಯುತ್ತಿದೆ. ಮೊದಲು ಅದರ ಫೊಸಾಪಪ್64 ಆವೃತ್ತಿ ಇತ್ತು, ಆಮೇಲೆ ಡೆಬಿಯನ್ 12 ಅನ್ನುವ ಲಿನಕ್ಸ್‌ನ ಮೇಲೆ ಕಟ್ಟಿದ ಬುಕ್‌ವರ್ಮ್‌ಪಪ್64ಕ್ಕೆ ಬಂದೆ. ಪಪ್ಪಿ ಹೇಗಿದೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಬ್ಯಾರಿ ಕೌಲರ್ ಅನ್ನುವವರು 2003ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರು ಮಾಡಿದ್ದು, ಹಗುರ, ಹಳೆಯ ಯಂತ್ರದಲ್ಲೂ ಓಡುತ್ತದೆ, ಇತ್ಯಾದಿ. ನಾನು ಬರೆಯಲು ಹೊರಟಿರುವುದು ಅದರ ಒಂದೇ ಭಾಗದ ಬಗ್ಗೆ: ಆಫ್ ಮಾಡಿ ಆನ್ ಮಾಡಿದರೂ ನಿಮ್ಮ ಬದಲಾವಣೆಗಳನ್ನು ಉಳಿಸಿಕೊಳ್ಳುವ ವ್ಯವಸ್ಥೆ.

ಲೈವ್ ಯುಎಸ್‌ಬಿ, ಅಂದರೆ ಡಿಸ್ಕ್‌ಗೆ ಹಾಕದೆ ಪೆನ್‌ಡ್ರೈವ್‌ನಿಂದಲೇ ಓಡಿಸುವ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಆಫ್ ಮಾಡಿದ ತಕ್ಷಣ ಎಲ್ಲ ಮಾಯ. ವೈಫೈ ಪಾಸ್‌ವರ್ಡ್, ಬುಕ್‌ಮಾರ್ಕ್, ಹಾಕಿದ ಫಾಂಟ್ ಯಾವುದೂ ಇರುವುದಿಲ್ಲ. ಉಬುಂಟು ಅನ್ನುವ ಲಿನಕ್ಸ್‌ನಲ್ಲೂ ಇದಕ್ಕೆ ದಾರಿ ಇದೆ. ರೂಫಸ್ ಅನ್ನುವ ಸಾಧನದಲ್ಲಿ ಬೂಟ್ ಆಗುವ ಪೆನ್‌ಡ್ರೈವ್ ಮಾಡುವಾಗಲೇ ಪರ್ಸಿಸ್ಟೆನ್ಸ್‌ಗೆ, ಅಂದರೆ ಬದಲಾವಣೆ ಉಳಿಸುವುದಕ್ಕೆ, ಇಷ್ಟು ಜಾಗ ಅಂತ ಕೊಡಬಹುದು. ಆದರೆ ಅಲ್ಲಿ ನೀವು ಮಾಡುವ ಪ್ರತಿಯೊಂದು ಬದಲಾವಣೆಯೂ ನೇರವಾಗಿ ಪೆನ್‌ಡ್ರೈವ್‌ಗೇ ಹೋಗುತ್ತದೆ. ಅಗ್ಗದ ಪೆನ್‌ಡ್ರೈವ್ ಆದರೆ ಬ್ರೌಸರ್‌ನಲ್ಲಿ ಒಂದು ಟ್ಯಾಬ್ ತೆರೆದು ಚಹಾ ಮಾಡಿಕೊಂಡು ಬರಬಹುದು.

ಪಪ್ಪಿ ಹಾಗಲ್ಲ. ಮೂಲ ವ್ಯವಸ್ಥೆ ಒತ್ತಿ ಚಿಕ್ಕದು ಮಾಡಿದ (ಕಂಪ್ರೆಸ್ಡ್) ಕೆಲವೇ ಫೈಲ್‌ಗಳಲ್ಲಿರುತ್ತದೆ, ಅವನ್ನು ಯಾರೂ ಮುಟ್ಟುವುದಿಲ್ಲ. ಅದರ ಮೇಲೆ ನಿಮ್ಮ ಬದಲಾವಣೆಗಳ ಪದರ, ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಬರೆದ ಹಾಗೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದಾಗ ಇದಕ್ಕೂ ಮೇಲೆ ಇನ್ನೊಂದು ಪದರ ರ‍್ಯಾಮ್‌ನಲ್ಲಿ ಇರುತ್ತದೆ. ಕೆಲಸ ಎಲ್ಲ ನಡೆಯುವುದು ಅಲ್ಲಿ. ನಡುನಡುವೆ, ಇಲ್ಲವೇ ನೀವು ಡೆಸ್ಕ್‌ಟಾಪ್‌ನ ಸೇವ್ ಐಕಾನ್ ಒತ್ತಿದಾಗ, ರ‍್ಯಾಮ್‌ನಲ್ಲಿರುವುದು ಪೆನ್‌ಡ್ರೈವ್‌ಗೆ ಇಳಿಯುತ್ತದೆ. ಪಪ್ಪಿ ಬಳಸುವವರು ಇದನ್ನು ಪಪ್‌ಮೋಡ್ 13 ಅನ್ನುತ್ತಾರೆ. ನನ್ನ ಮಟ್ಟಿಗೆ ಪಪ್ಪಿಯನ್ನು ಬಿಡದೆ ಇಟ್ಟುಕೊಂಡಿರುವುದಕ್ಕೆ ಇದೇ ಕಾರಣ.

ಶುರು ಮಾಡುವುದು ಸುಲಭ. ಮೊದಲ ಸಲ ಬೂಟ್ ಮಾಡಿ, ಆಫ್ ಮಾಡಲು ಹೋದಾಗ ಅದೇ ಕೇಳುತ್ತದೆ: ಈ ಸೆಷನ್ ಉಳಿಸಬೇಕಾ, ಎಲ್ಲಿ, ಫೈಲ್ ಆಗಿಯೋ ಫೋಲ್ಡರ್ ಆಗಿಯೋ. ಇಲ್ಲಿ ಸ್ವಲ್ಪ ನಿಧಾನಿಸಿ. ಫೈಲ್ ಅಂದರೆ ಮೊದಲೇ ಅಳತೆ ಹೇಳಬೇಕು. ಆಮೇಲೆ ಹಿಗ್ಗಿಸಬಹುದು, ಕುಗ್ಗಿಸುವುದು ಸಲೀಸಲ್ಲ. ಫ್ಯಾಟ್32 (ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿರುವ ಫಾರ್ಮ್ಯಾಟ್) ಪೆನ್‌ಡ್ರೈವ್ ಆದರೆ 4 ಜಿಬಿಯೇ ಮಿತಿ. ಫೋಲ್ಡರ್‌ಗೆ ಆ ತಲೆನೋವಿಲ್ಲ, ಡ್ರೈವ್‌ನಲ್ಲಿ ಜಾಗ ಇರುವ ತನಕ ಬೆಳೆಯುತ್ತದೆ. ಆದರೆ ಅದಕ್ಕೆ ಎಕ್ಸ್ಟ್4 ತರಹದ ಲಿನಕ್ಸ್ ವಿಭಾಗವೇ ಬೇಕು.

ಹೊಸಬರು ಎಡವುವುದು ಇದಕ್ಕೂ ಮುಂಚೆ. ಎಚರ್ ತರಹದ ಸಾಧನದಿಂದ ಐಎಸ್‌ಒ (ಇಳಿಸಿಕೊಂಡ ಪಪ್ಪಿಯ ಇಮೇಜ್ ಫೈಲ್) ನೇರ ಬರೆದರೆ ಪೆನ್‌ಡ್ರೈವ್ ಒಂದು ಸಿ.ಡಿ.ಯ ಹಾಗೆ ಆಗಿಬಿಡುತ್ತದೆ, ಆ ಭಾಗಕ್ಕೆ ಏನೂ ಬರೆಯಲಾಗುವುದಿಲ್ಲ. ಆಗ "ಸೇವ್ ಆಗ್ತಾನೇ ಇಲ್ಲ" ಅಂತ ಗೋಳು. ಇನ್ನೊಂದು ಪೆನ್‌ಡ್ರೈವ್ ಇದ್ದರೆ ಒಳ್ಳೆಯದು. ಒಂದರಿಂದ ಬೂಟ್ ಮಾಡಿ, ಇನ್ನೊಂದನ್ನು ಜಿಪಾರ್ಟೆಡ್‌ನಲ್ಲಿ ಎರಡು ಭಾಗ ಮಾಡಿ: ಬೂಟ್‌ಗೆ ಪುಟ್ಟ ಫ್ಯಾಟ್32, ಉಳಿದದ್ದೆಲ್ಲ ಎಕ್ಸ್ಟ್4. ಆಮೇಲೆ ಪಪ್ಪಿಯೊಳಗೇ ಇರುವ ಫ್ರುಗಲ್‌ಪಪ್ ಇನ್‌ಸ್ಟಾಲರ್ ಕೆಲಸ ಮುಗಿಸುತ್ತದೆ. ಅದರ ಪರದೆ ನೋಡಲು ಹಳೆಗಾಲದ್ದು, ಗೊಂದಲವೂ ಇದೆ, ಆದರೆ ಕೆಲಸ ಗಟ್ಟಿ.

ಈಗ ಕರೆಂಟ್ ವಿಚಾರ. ತಾನಾಗಿ ಸೇವ್ ಆಗುವ ಅವಧಿ ಮೊದಲಿಗೆ 30 ನಿಮಿಷ ಇರುತ್ತದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ನಲ್ಲಿ ಕರೆಂಟ್ ಹೋದರೆ ಕೊನೆಯ ಸೇವ್ ಆದ ಮೇಲೆ ಬದಲಿಸಿದ್ದೆಲ್ಲ ಹೋಯಿತು. ಹಾಗಂತ ಅವಧಿಯನ್ನು ಐದು ನಿಮಿಷಕ್ಕೆ ಇಳಿಸಿದರೆ ಪೆನ್‌ಡ್ರೈವ್‌ಗೆ ಬರೆಯುವುದು ಹೆಚ್ಚುತ್ತದೆ, ಸೇವ್ ಆಗುವಾಗ ಯಂತ್ರವೂ ಒಂದು ಕ್ಷಣ ತಡವರಿಸುತ್ತದೆ. ನಾನು ಮಾಡಿರುವುದು ಇದಕ್ಕೆ ಉಲ್ಟಾ. ಪಪ್ಪಿಯ ಈವೆಂಟ್ ಮ್ಯಾನೇಜರ್‌ನಲ್ಲಿ ಅವಧಿಯನ್ನು ಸೊನ್ನೆ ಮಾಡಿದ್ದೇನೆ, ಅಂದರೆ ತಾನಾಗಿ ಸೇವ್ ಆಗುವುದೇ ಇಲ್ಲ. ಬರೆದ ಲೇಖನ, ಲೆಕ್ಕದ ಹಾಳೆ, ಫೋಟೋ ಯಾವುದನ್ನೂ ಸೇವ್ ಪದರದಲ್ಲಿ ಇಡುವುದಿಲ್ಲ. ಎಂಎನ್‌ಟಿ ಹೋಮ್ (/mnt/home) ಅನ್ನುವ ಜಾಗಕ್ಕೆ ಹೋದರೆ ಪೆನ್‌ಡ್ರೈವ್‌ನಲ್ಲಿ ಸೇವ್ ಫೋಲ್ಡರ್ ಇರುವ ವಿಭಾಗವೇ ನೇರ ಸಿಗುತ್ತದೆ. ಅಲ್ಲಿ ಕಡತಗಳಿಗೆ ಒಂದು ಫೋಲ್ಡರ್ ಮಾಡಿಕೊಂಡಿದ್ದೇನೆ. ಅಲ್ಲಿಟ್ಟದ್ದು ರ‍್ಯಾಮ್ ಸುತ್ತಿ ಬರುವುದಿಲ್ಲ, ಸೀದಾ ಡ್ರೈವ್‌ನಲ್ಲೇ ಕೂರುತ್ತದೆ. ಸೇವ್ ಫೋಲ್ಡರ್ ಇರುವುದು ಸೆಟ್ಟಿಂಗ್ ಮತ್ತು ತಂತ್ರಾಂಶಕ್ಕೆ ಮಾತ್ರ. ಹೊಸ ಪ್ಯಾಕೇಜ್ ಹಾಕಿ ನೋಡಿ, ಸರಿ ಅನಿಸಿದರೆ ಸೇವ್ ಒತ್ತಿ. ಇಲ್ಲದಿದ್ದರೆ ಸೇವ್ ಮಾಡದೆ ಆಫ್ ಮಾಡಿ, ಮತ್ತೆ ಆನ್ ಮಾಡಿದರೆ ಮೊದಲಿದ್ದ ಹಾಗೇ. ಈ ಧೈರ್ಯ ಡಿಸ್ಕ್‌ನಲ್ಲಿ ಇನ್‌ಸ್ಟಾಲ್ ಮಾಡಿದ ಲಿನಕ್ಸ್‌ನಲ್ಲಿ ನನಗೆ ಬಂದಿಲ್ಲ.

ಕನ್ನಡದ ಮಟ್ಟಿಗೆ ಪರ್ಸಿಸ್ಟೆನ್ಸ್ ಇಲ್ಲದ ಪಪ್ಪಿ ವ್ಯರ್ಥ. ಕನ್ನಡ ಫಾಂಟ್ ಇಲ್ಲದೆ ಪುಟ ತೆರೆದರೆ ಬರೀ ಚೌಕಗಳು. ಬುಕ್‌ವರ್ಮ್‌ಪಪ್‌ನಲ್ಲಿ ಡೆಬಿಯನ್ ಪ್ಯಾಕೇಜ್‌ಗಳೇ ಬರುವುದರಿಂದ ತಂತ್ರಾಂಶ ಹಾಕುವ ಸಿನಾಪ್ಟಿಕ್‌ನಲ್ಲಿ ಲೋಹಿತ್, ಗುಬ್ಬಿ, ನವಿಲು ಫಾಂಟ್ ಮೂರೂ ಸಿಗುತ್ತವೆ. ಕೀಲಿಮಣೆಗೆ ಬೇರೆ ತಂತ್ರಾಂಶ ಬೇಕಿಲ್ಲ. ಲಿನಕ್ಸ್‌ನ ಎಕ್ಸ್‌ಕೆಬಿ ವಿನ್ಯಾಸಗಳಲ್ಲಿ ಇನ್‌ಸ್ಕ್ರಿಪ್ಟ್ ಕನ್ನಡವೂ ಇದೆ, ಕಗಪ ಕೂಡ ಇದೆ. ಕೀಲಿಮಣೆ ವಿನ್ಯಾಸ ಬದಲಿಸುವ ಸೆಟ್‌ಎಕ್ಸ್‌ಕೆಬಿಮ್ಯಾಪ್ ಆಜ್ಞೆಯ ಒಂದು ಸಾಲನ್ನು ಪುಟ್ಟ ಸ್ಕ್ರಿಪ್ಟ್ ಮಾಡಿ ರೂಟ್‌ನ ಸ್ಟಾರ್ಟಪ್ ಫೋಲ್ಡರ್‌ಗೆ ಹಾಕಿದ್ದೇನೆ. ಬೂಟ್ ಆದ ಕೂಡಲೇ ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೆ ಕನ್ನಡ. ಸೈಬರ್ ಸೆಂಟರ್‌ನಲ್ಲಿ, ನೆಂಟರ ಮನೆಯಲ್ಲಿ, ಯಾರದೋ ವಿಂಡೋಸ್ ಲ್ಯಾಪ್‌ಟಾಪ್‌ಗೆ ಈ ಪೆನ್‌ಡ್ರೈವ್ ಚುಚ್ಚಿದರೂ ನನ್ನ ಕೀಲಿಮಣೆ, ನನ್ನ ಫಾಂಟ್ ಜೊತೆಗೇ ಬರುತ್ತವೆ. ಎಷ್ಟೋ ಕಡೆ ಮೊದಲು ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಅಧಿಕೃತ ಸಹಿ ಇಲ್ಲದ ವ್ಯವಸ್ಥೆಯನ್ನು ಏಳಲು ಬಿಡದ ಕಾವಲು) ಆಫ್ ಮಾಡಬೇಕಾಗುತ್ತದೆ, ಅದಕ್ಕೆ ಯಂತ್ರದ ಮಾಲೀಕರನ್ನು ಒಪ್ಪಿಸುವುದು ನಿಮ್ಮ ಪಾಡು.

ಸೇವ್ ಫೋಲ್ಡರ್ ಸುಮ್ನೆ ಬಿಟ್ಟರೆ ಊದುತ್ತದೆ. ಮೊದಲ ಕಳ್ಳ ಬ್ರೌಸರ್‌ನ ಕ್ಯಾಶ್. ಫೈರ್‌ಫಾಕ್ಸ್‌ನ ಒಳ ಸೆಟ್ಟಿಂಗ್‌ನಲ್ಲಿ ಡಿಸ್ಕ್ ಕ್ಯಾಶ್ ಬಂದ್ ಮಾಡಿದೆ, ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಡೌನ್‌ಲೋಡ್ ಫೋಲ್ಡರ್ ಕೂಡ ಸೇವ್ ಪದರದೊಳಗೇ ಇರುತ್ತದೆ, ಅದನ್ನೂ ಹೊರಗೆ ಹಾಕಿ. ಪ್ಯಾಕೇಜ್ ಹಾಕಿದ ಮೇಲೆ ಆಪ್ಟ್ ಕ್ಲೀನ್ ಅನ್ನುವ ಆಜ್ಞೆ ಕೊಡದಿದ್ದರೆ ಇಳಿಸಿದ ಡೆಬ್ (ಪ್ಯಾಕೇಜ್) ಫೈಲ್‌ಗಳು ಅಲ್ಲೇ ಬಿದ್ದಿರುತ್ತವೆ. ಇನ್ನೊಂದು ವಿಚಿತ್ರ ಇದೆ. ಪಪ್ಪಿಯ ಜೊತೆ ಬಂದ ಯಾವುದಾದರೂ ತಂತ್ರಾಂಶ ಬೇಡ ಅಂತ ತೆಗೆದರೆ ಜಾಗ ಉಳಿಯುವುದಿಲ್ಲ. ಅದು ಮೂಲ ಫೈಲ್‌ನಲ್ಲಿ ಹಾಗೇ ಇರುತ್ತದೆ, ಮೇಲಿನ ಪದರದಲ್ಲಿ "ಇದನ್ನು ತೋರಿಸಬೇಡ" ಅನ್ನುವ ಗುರುತು ಮಾತ್ರ ಬೀಳುತ್ತದೆ.

ಇದೇ ಕಾರಣಕ್ಕೆ ಅಪ್‌ಡೇಟ್ ಪಪ್ಪಿಯ ದುರ್ಬಲ ಜಾಗ. ಪೂರ್ತಿ ಆಪ್ಟ್ ಅಪ್‌ಗ್ರೇಡ್ ಕೊಟ್ಟರೆ ಹಳೆಯದು ಕೆಳಗೆ ಹಾಗೇ ಇರುತ್ತದೆ, ಹೊಸದು ಮೇಲೆ ಬಂದು ಕೂರುತ್ತದೆ, ಜಾಗ ಎರಡರಷ್ಟು. ಪಪ್ಪಿಯವರು ತಮಗೆ ಬೇಕಾದ ಹಾಗೆ ತಿದ್ದಿಕೊಂಡ ಕಡತಗಳ ಮೇಲೆ ಡೆಬಿಯನ್‌ನದ್ದು ಕೂತು ಏನಾದರೂ ಮುರಿಯುವ ಭಯ ಬೇರೆ. ನಾನು ಬ್ರೌಸರ್ ಒಂದನ್ನು ಮಾತ್ರ ಅಪ್‌ಡೇಟ್ ಮಾಡುತ್ತೇನೆ. ಫೊಸಾದಿಂದ ಬುಕ್‌ವರ್ಮ್‌ಗೆ ಬರುವಾಗ ಹಳೆಯ ಸೇವ್ ಉಪಯೋಗಕ್ಕೆ ಬರಲಿಲ್ಲ, ಬರುವುದೂ ಇಲ್ಲ. ಎಲ್ಲ ಹೊಸದಾಗಿ ಮಾಡಿಕೊಳ್ಳಬೇಕು. ಕಡತಗಳು ಹೊರಗಿದ್ದರೆ ಅದು ಒಂದು ಸಂಜೆಯ ಕೆಲಸ, ಒಳಗಿದ್ದರೆ ದೇವರೇ ಗತಿ.

ಭದ್ರತೆ ವಿಷಯದಲ್ಲಿ ಮುಚ್ಚುಮರೆ ಬೇಡ. ಪಪ್ಪಿಯಲ್ಲಿ ನೀವು ಸಾಮಾನ್ಯವಾಗಿ ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರ. ಬ್ರೌಸರನ್ನು ಮಾತ್ರ ಸ್ಪಾಟ್ ಅನ್ನುವ ಕಡಿಮೆ ಅಧಿಕಾರದ ಬಳಕೆದಾರನ ಹೆಸರಿನಲ್ಲಿ ಓಡಿಸಬಹುದು. ನನ್ನ ಸೇವ್ ಫೋಲ್ಡರ್‌ಗೆ ಬೀಗ ಇಲ್ಲ. ಪೆನ್‌ಡ್ರೈವ್ ಬಸ್‌ನಲ್ಲಿ ಬಿದ್ದುಹೋದರೆ, ಸಿಕ್ಕವರು ಬೇರೆ ಯಾವ ಲಿನಕ್ಸ್‌ಗೆ ಚುಚ್ಚಿದರೂ ಎಲ್ಲ ಓದಬಹುದು. ಹಾಗಾಗಿ ಬ್ಯಾಂಕ್ ಕೆಲಸ ಇದರಲ್ಲಿ ಮಾಡುವುದಿಲ್ಲ, ಪಾಸ್‌ವರ್ಡ್ ಉಳಿಸುವುದೂ ಇಲ್ಲ. ಗುಟ್ಟು ಕಾಪಾಡುವುದೇ ನಿಮಗೆ ಮುಖ್ಯ ಅಂದರೆ ಟೇಲ್ಸ್ ಅನ್ನುವ ಲಿನಕ್ಸ್ ನೋಡಿ, ಅದರ ಪರ್ಸಿಸ್ಟೆಂಟ್ ಸ್ಟೋರೇಜ್ ಪಾಸ್‌ಫ್ರೇಸ್ ಇಲ್ಲದೆ ತೆರೆಯುವುದೇ ಇಲ್ಲ.

ಬ್ಯಾಕಪ್ ಮಾತ್ರ ಬಿಡಬೇಡಿ, ಪೆನ್‌ಡ್ರೈವ್ ಯಾವಾಗ ಸಾಯುತ್ತದೆ ಅಂತ ಹೇಳಿ ಸಾಯುವುದಿಲ್ಲ. ಬಳಕೆಯಲ್ಲಿರುವ ಸೇವ್ ಫೋಲ್ಡರನ್ನು ಹಾಗೇ ನಕಲು ಮಾಡುವುದಕ್ಕಿಂತ, ಬೂಟ್ ಸಾಲಿನಲ್ಲಿ ಪಿಫಿಕ್ಸ್ ರ‍್ಯಾಮ್ (pfix=ram) ಆಯ್ಕೆ ಕೊಟ್ಟು ಸೇವ್ ಇಲ್ಲದೆ ಏಳಿಸಿ, ಆಮೇಲೆ ನಕಲು ಮಾಡಿ. ಫ್ಯಾಟ್32 ಡ್ರೈವ್‌ಗೆ ಫೋಲ್ಡರ್ ಎಳೆದು ಹಾಕಿದರೆ ಪರ್ಮಿಷನ್, ಲಿಂಕ್ ಎಲ್ಲ ಹಾಳು, ಟಾರ್ ಮಾಡಿ, ಅಂದರೆ ಒಂದೇ ಫೈಲ್ ಆಗಿ ಕಟ್ಟಿ ಇಡಿ. ಸೇವ್ ಕೆಟ್ಟು ಬೂಟ್ ಆಗದಿದ್ದಾಗಲೂ ಇದೇ ಪಿಫಿಕ್ಸ್ ರ‍್ಯಾಮ್ ಕೈಹಿಡಿಯುವುದು.

ಒಂದಕ್ಕಿಂತ ಹೆಚ್ಚು ಸೇವ್ ಇಟ್ಟರೆ ಬೂಟ್ ಆಗುವಾಗ ಯಾವುದು ಬೇಕು ಅಂತ ಸಂಖ್ಯೆ ಕೇಳುತ್ತದೆ. ಒಂದು ನನ್ನದು, ಇನ್ನೊಂದು ಮನೆಯ ಮಕ್ಕಳದ್ದು. ಅವರದ್ದರಲ್ಲಿ ವಾಲ್‌ಪೇಪರ್ ವಾರಕ್ಕೊಮ್ಮೆ ಬದಲಾಗುತ್ತದೆ, ಐಕಾನ್‌ಗಳು ಎಲ್ಲೆಲ್ಲೋ ಇರುತ್ತವೆ. ನನ್ನದಕ್ಕೆ ಏನೂ ಆಗಿಲ್ಲ.