ಆಡ್ಸಲ್ ಸೀಸನ್ ಟಿಕೆಟ್: ಆಟದ ದಿನಕ್ಕೆ ಕೈತುಂಬ ಅಂಕ, ದುಡ್ಡು ಕಟ್ಟುವಾಗ ಮಾತ್ರ ಹುಷಾರು

ಮೊದಲು ಕಾಲಿನ ವಿಷಯ. ಫೆಬ್ರವರಿಯಲ್ಲಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಊರಿನ ರಗ್ಬಿ ಲೀಗ್ (ಹದಿಮೂರು ಜನರ ರಗ್ಬಿ) ತಂಡವಾದ ಬ್ರಾಡ್‌ಫರ್ಡ್ ಬುಲ್ಸ್ ಆಟ ನೋಡಲು ಅವರ ಆಡ್ಸಲ್ ಮೈದಾನಕ್ಕೆ ಹೋಗುವವರು ಜಾಕೆಟ್ ಮೇಲೆ ಜಾಕೆಟ್ ಹೇರಿಕೊಂಡು ಹೋಗುತ್ತಾರೆ. ಮೈಯೇನೋ ಬೆಚ್ಚಗೇ ಇರುತ್ತದೆ, ಚಳಿ ಏರುವುದು ಕೆಳಗಿನಿಂದ. ಎಂಬತ್ತು ನಿಮಿಷದ ಆಟ, ನಡುವಿನ ವಿರಾಮ, ಮುಂಚಿನ ಅರ್ಧ ಗಂಟೆ ಸೇರಿದರೆ ಎರಡು ಗಂಟೆಗೂ ಮೇಲೆ ಮೆಟ್ಟಿಲ ಮೇಲೆ ನಿಂತಿರಬೇಕು. ತೆಳು ಅಟ್ಟೆಯ ಶೂ ಆದರೆ ವಿರಾಮದ ಹೊತ್ತಿಗೇ ಕಾಲ್ಬೆರಳು ಮರಗಟ್ಟುತ್ತವೆ. ಪಾರ್ಸೆಲ್ ಬಂದ ರಟ್ಟಿನ ಡಬ್ಬವನ್ನು ಎರಡು ಪದರ ಮಡಿಸಿ ಕಾಲಡಿ ಹಾಕಿಕೊಳ್ಳಿ. ಮಳೆಯಾದರೆ ರಟ್ಟು ನೆಂದು ಮುದ್ದೆಯಾಗುತ್ತದೆ, ಹಾಗಾಗಿ ಹಳೇ ಯೋಗ ಮ್ಯಾಟಿನ ಒಂದಡಿ ತುಂಡು ಇನ್ನೂ ವಾಸಿ. ಉಣ್ಣೆ ಸಾಕ್ಸ್ ಒಂದೇ ಜೊತೆ ಸಾಕು. ಎರಡು ತೊಟ್ಟರೆ ಶೂ ಬಿಗಿಯಾಗಿ ರಕ್ತ ಸರಿಯಾಗಿ ಓಡುವುದಿಲ್ಲ, ಚಳಿ ಇನ್ನೂ ಜಾಸ್ತಿ. ಛತ್ರಿ ಮನೆಯಲ್ಲೇ ಇರಲಿ, ಹಿಂದೆ ನಿಂತವರು ಸುಮ್ಮನೆ ಬಿಡುವುದಿಲ್ಲ. ತಲೆಯಿಂದ ಇಳಿಬಿಡುವ ಪ್ಲಾಸ್ಟಿಕ್ ಮಳೆ ಅಂಗಿ ತೆಗೆದುಕೊಂಡು ಹೋಗಿ.

ಜಾಗವೇ ಅಂಥದ್ದು. ಊರಿನ ದಕ್ಷಿಣಕ್ಕೆ, ಎತ್ತರದಲ್ಲಿ ಒಂದು ಹಳೇ ಕ್ವಾರಿ. 1930ರ ದಶಕದಲ್ಲಿ ಊರ ಕಸವನ್ನೇ ಸುರಿದು, ಅದನ್ನೇ ದಂಡೆಯಾಗಿ ಕಟ್ಟಿ, 1934ರಲ್ಲಿ ಮೈದಾನ ತೆರೆದರು. ಬೇರೆ ಸ್ಟೇಡಿಯಮ್ಮುಗಳಲ್ಲಿ ಮೆಟ್ಟಿಲು ಹತ್ತಿ ಹೋಗಬೇಕು, ಇಲ್ಲಿ ರಸ್ತೆಯ ಮಟ್ಟದಿಂದ ಒಳಗೆ ಕಾಲಿಟ್ಟರೆ ಆಟದ ಹುಲ್ಲು ಬಾವಿಯ ತಳದಲ್ಲಿದ್ದಂತೆ ಕೆಳಗೆ ಕಾಣುತ್ತದೆ. ಮುಖ್ಯ ಸ್ಟ್ಯಾಂಡಿಗೆ ಚಾವಣಿ ಇದೆ. ಉಳಿದ ಬಹುಪಾಲು ಬಯಲು, ಗಾಳಿಗೆ ತಡೆಯೇ ಇಲ್ಲ. 1954ರ ಚಾಲೆಂಜ್ ಕಪ್ (ರಗ್ಬಿ ಲೀಗಿನ ನಾಕೌಟ್ ಪಂದ್ಯಾವಳಿ) ಫೈನಲ್‌ನ ಮರುಪಂದ್ಯಕ್ಕೆ, ವಾರಿಂಗ್ಟನ್ ಮತ್ತು ಹ್ಯಾಲಿಫ್ಯಾಕ್ಸ್ ನಡುವಿನದು, ಅಧಿಕೃತ ಲೆಕ್ಕದಲ್ಲೇ 1,02,569 ಜನ ಇಲ್ಲಿ ಸೇರಿದ್ದರು. 1963ರಲ್ಲಿ ಇದೇ ಗುಂಡಿಯಲ್ಲಿ, ಆಗ ಬ್ರಾಡ್‌ಫರ್ಡ್ ನಾರ್ದರ್ನ್ ಎಂದಿದ್ದ ಇದೇ ಕ್ಲಬ್ಬು ಬ್ಯಾರೋ ವಿರುದ್ಧ ಆಡಿದಾಗ ಬಂದವರು 324 ಮಂದಿ. ಕೆಲವೇ ವಾರಗಳಲ್ಲಿ ಸೀಸನ್ ನಡುವೆಯೇ ಕ್ಲಬ್ಬು ಬಾಗಿಲು ಹಾಕಿತು, ಮರುವರ್ಷ ಹೊಸದಾಗಿ ಎದ್ದಿತು. ಈ ಟಿಕೆಟ್ ಕೊಳ್ಳುವವರು ಈ ಎರಡು ಸಂಖ್ಯೆಯನ್ನೂ ತಲೆಯಲ್ಲಿಟ್ಟುಕೊಂಡಿರಬೇಕು.

ಎಲ್ಲಿ ನಿಲ್ಲಬೇಕು? ಹೊಸಬರು ಆಟಗಾರರ ಮುಖ ಕಾಣಲಿ ಅಂತ ಕೆಳಗಿಳಿದು ಕಂಬಿಯ ಹತ್ತಿರ ನಿಲ್ಲುತ್ತಾರೆ. ಆದರೆ ಮೈದಾನದ ಸುತ್ತ ಸ್ಟಾಕ್ ಕಾರ್ ರೇಸಿನ ಟ್ರ್ಯಾಕ್ ಇದೆ, ಕಂಬಿ ಹಿಡಿದು ನಿಂತರೂ ಆಟ ದೂರವೇ. ಅದಕ್ಕಿಂತ ಅರ್ಧಗೆರೆಯ ನೇರಕ್ಕೆ, ಮೆಟ್ಟಿಲುಗಳ ಮೇಲಿನ ಮೂರನೇ ಒಂದು ಭಾಗದಲ್ಲಿ ನಿಲ್ಲಿ. ರಗ್ಬಿ ಲೀಗಿನ ಜೀವಾಳ ಇರುವುದು ಚೆಂಡು ಹಿಡಿದವನಲ್ಲಲ್ಲ, ಎದುರಿನ ಸಾಲಿನಲ್ಲಿ. ಪ್ರತಿ ಟ್ಯಾಕಲ್ ಆದಮೇಲೆ, ಅಂದರೆ ಚೆಂಡು ಹಿಡಿದವನನ್ನು ತಡೆದು ಕೆಡವಿದಮೇಲೆ, ರಕ್ಷಣೆಯವರು ಹತ್ತು ಮೀಟರ್ ಹಿಂದೆ ಸರಿಯಬೇಕು. ದಣಿದವನು ಎಂಟೇ ಮೀಟರ್ ಸರಿಯುತ್ತಾನೆ, ಅವನ ಪಕ್ಕದವನು ಪೂರ್ತಿ ಹತ್ತು ಸರಿದಿರುತ್ತಾನೆ, ಸಾಲು ಸೊಟ್ಟಗಾಗುತ್ತದೆ, ಬಿರುಕು ಬೀಳುವುದು ಅಲ್ಲೇ. ಆರನೇ ಟ್ಯಾಕಲ್ ಆದರೆ ಚೆಂಡು ಎದುರಾಳಿಗೆ ಹೋಗುತ್ತದೆ, ಹಾಗಾಗಿ ಐದು ಮುಗಿದಮೇಲೆ ಚೆಂಡನ್ನು ಒದೆಯುವುದೇ ಹೆಚ್ಚು. ಐದನೇ ಟ್ಯಾಕಲ್ ಮುಗಿದಾಗ ಎದುರಾಳಿಯ ವಿಂಗರ್, ಅಂದರೆ ಅಂಚಿನಲ್ಲಿ ನಿಲ್ಲುವ ಆಟಗಾರ, ಮೆಲ್ಲಗೆ ಹಿಂದೆ ಜಾರುವುದನ್ನು ನೋಡಿ. ಕಿಕ್ ಎಲ್ಲಿಗೆ ಬರುತ್ತದೆಂದು ಅವನಿಗೆ ಅನುಮಾನ ಬಂದಿದೆ ಎಂದರ್ಥ. ಟಿವಿಯ ಕ್ಯಾಮೆರಾ ಚೆಂಡಿನ ಹಿಂದೆ ಓಡುವುದರಿಂದ ಇದು ಪರದೆ ಮೇಲೆ ಸಿಗುವುದು ಅಪರೂಪ. ಪಕ್ಕದಲ್ಲಿ ನಿಂತ ಅಜ್ಜಂದಿರು ಪ್ರತಿ ನಿಮಿಷಕ್ಕೊಮ್ಮೆ ರೆಫರಿಗೆ ‘ಗೆಟ್ ಎಮ್ ಆನ್‌ಸೈಡ್’ ಅಂತ ಕೂಗುವುದು ಈ ಹತ್ತು ಮೀಟರ್ ಬಗ್ಗೆಯೇ. ಅರ್ಧದಷ್ಟು ಸಲ ಅವರು ತಪ್ಪು, ಆದರೆ ಅದು ಬೇರೆ ಮಾತು.

ಈ ಟಿಕೆಟ್ಟಿನ ನಿಜವಾದ ಸುಖ ಅಂದರೆ ಸ್ವಾತಂತ್ರ್ಯ. ಇಂಗ್ಲೆಂಡಿನ ಫುಟ್ಬಾಲ್ ನೋಡಿ ಬಂದವರಿಗೆ ನಂಬುವುದೇ ಕಷ್ಟ. ಇಲ್ಲಿ ಸಾಮಾನ್ಯವಾಗಿ ಎರಡೂ ಕಡೆಯ ಅಭಿಮಾನಿಗಳನ್ನು ಬೇಲಿ ಹಾಕಿ ಬೇರ್ಪಡಿಸುವುದಿಲ್ಲ, ಎದುರು ತಂಡದ ಅಂಗಿ ತೊಟ್ಟವರ ಜೊತೆ ಭುಜಕ್ಕೆ ಭುಜ ತಾಗಿಸಿ ನಿಂತು ಹರಟುತ್ತ ನೋಡಬಹುದು. ಫುಟ್ಬಾಲಿನಲ್ಲಿ 1985ರ ಕಾನೂನಿನಿಂದ ಮೈದಾನ ಕಾಣುವ ಕಡೆ ಮದ್ಯ ಕುಡಿಯುವಂತಿಲ್ಲ. ಇಲ್ಲಿ ಗ್ಲಾಸು ಕೈಯಲ್ಲೇ ಹಿಡಿದು ನೋಡುತ್ತಾರೆ, ಆದರೂ ಗಲಾಟೆ ಕಡಿಮೆ. ಮಕ್ಕಳು, ಅಜ್ಜಿಯರು ಸಾಕಷ್ಟು. ಗೇಟು ಮುಚ್ಚಿಲ್ಲದಿದ್ದರೆ ವಿರಾಮದಲ್ಲಿ ತಮ್ಮ ತಂಡ ದಾಳಿ ಮಾಡುವ ತುದಿಗೆ ಕೆಲವರು ನಡೆದು ಹೋಗುತ್ತಾರೆ. ಕೂತ ಜಾಗದಿಂದ ಕದಲಬಾರದ ಆಧುನಿಕ ಸ್ಟೇಡಿಯಮ್ಮಿಗೆ ಹೋದಮೇಲೆ ಇದರ ಬೆಲೆ ಗೊತ್ತಾಗುತ್ತದೆ.

ಊಟ. ಸಸ್ಯಾಹಾರಿಗಳು ಈ ಪ್ಯಾರಾ ಪೂರ್ತಿ ಓದಿ. ಯಾರ್ಕ್‌ಷೈರಿನಲ್ಲಿ ಚಿಪ್ಸ್ ಕರಿಯುವುದು ಸಾಂಪ್ರದಾಯಿಕವಾಗಿ ದನದ ಕೊಬ್ಬಿನಲ್ಲಿ. ‘ವೆಜಿಟೇರಿಯನ್ನಾ?’ ಅಂತ ಕೇಳಿದರೆ ಆಲೂಗಡ್ಡೆ ತಾನೇ ಅಂತ ಹೌದು ಎಂದುಬಿಡುತ್ತಾರೆ, ಆದ್ದರಿಂದ ‘ಎಣ್ಣೆಯಲ್ಲಿ ಕರಿದದ್ದೋ, ಡ್ರಿಪ್ಪಿಂಗೋ (ಅದೇ ದನದ ಕೊಬ್ಬು)?’ ಅಂತ ಕೇಳಿ. ಗ್ರೇವಿಯಲ್ಲಿ ಮಾಂಸದ ಸಾರು ಇರುವುದೇ ಹೆಚ್ಚು. ಚಳಿಗೆ ಎಲ್ಲರೂ ಕುಡಿಯುವ ಬೋವ್ರಿಲ್ ದನದ ಮಾಂಸದ ಸಾರ. ನಿಮಗೆ ಉಳಿಯುವುದು ಚೀಸ್-ಈರುಳ್ಳಿ ಪೈ ಅಥವಾ ಪೇಸ್ಟಿ, ಜೊತೆಗೆ ಮಷಿ ಪೀಸ್: ಒಣ ಬಟಾಣಿಯನ್ನು ರಾತ್ರಿ ಅಡುಗೆ ಸೋಡಾ ಹಾಕಿ ನೆನೆಸಿ, ಕರಗುವವರೆಗೆ ಬೇಯಿಸಿದ್ದು. ಈ ಕಡೆ ಅದಕ್ಕೆ ಪುದೀನ ಸಾಸ್ ಹಾಕಿ ತಿನ್ನುತ್ತಾರೆ, ನಮ್ಮ ನಾಲಿಗೆಗೂ ಒಗ್ಗುತ್ತದೆ. ತಿನ್ನುವ ಕ್ರಮವೂ ಇದೆ. ಪೈ ಕೈಗೆ ಬಂದ ಕೂಡಲೇ ಕಚ್ಚಬೇಡಿ, ಒಳಗಿನ ಹೂರಣ ಬಾಯಿ ಸುಡುತ್ತದೆ. ಮರದ ಫೋರ್ಕಿನಿಂದ ಮೇಲಿನ ಮುಚ್ಚಳ ಒಡೆದು, ಹಬೆ ಹೋಗಲು ಒಂದೆರಡು ನಿಮಿಷ ಬಿಟ್ಟು, ಬಟಾಣಿಯನ್ನು ಆ ತೂತಿನೊಳಗೇ ಸುರಿದು, ಅಂಚಿನಿಂದ ಒಳಕ್ಕೆ ತಿನ್ನುತ್ತ ಬನ್ನಿ. ತಳ ನೆನೆಯುವ ಮುಂಚೆ ಮುಗಿಸಬೇಕು, ಇಲ್ಲದಿದ್ದರೆ ಕೈಗವಸು ಹಾಳು. ಕೊಳ್ಳುವ ಹೊತ್ತು ಆಟ ಶುರುವಾಗುವ ಇಪ್ಪತ್ತು ನಿಮಿಷ ಮುಂಚೆ. ವಿರಾಮದಲ್ಲಿ ಸಾಲು ಹಿಡಿದರೆ ದ್ವಿತೀಯಾರ್ಧದ ಮೊದಲ ಕೆಲವು ನಿಮಿಷ ಹೋಯಿತೆಂದೇ ಲೆಕ್ಕ.

ಹೋಗಿ ಬರುವುದು ಅಂಥ ತಲೆನೋವೇನಲ್ಲ. ಲೋ ಮೂರ್ ಸ್ಟೇಷನ್ 2017ರಲ್ಲಿ ತೆರೆದಮೇಲೆ ರೈಲಿನಲ್ಲಿ ಬಂದು ಅರ್ಧ ಗಂಟೆ ನಡೆಯಬಹುದು. ಸಿಟಿ ಮಧ್ಯದಿಂದ ಮ್ಯಾಂಚೆಸ್ಟರ್ ರೋಡ್ ಬಸ್ಸುಗಳಿವೆ. ಭಾನುವಾರ ಮಧ್ಯಾಹ್ನದ ಆಟಕ್ಕೆ ಇಷ್ಟು ಸಾಕು. ಶುಕ್ರವಾರ ರಾತ್ರಿ ಎಂಟಕ್ಕೆ ಶುರುವಾದರೆ ಮುಗಿಯುವುದು ಹತ್ತರ ಹತ್ತಿರ, ಲೀಡ್ಸ್ ಕಡೆಗೆ ವಾಪಸ್ ಹೋಗುವವರು ಕೊನೆಯ ರೈಲನ್ನು ಮೊದಲೇ ನೋಡಿಕೊಂಡಿರಬೇಕು.

ಇನ್ನು ಹೊಗಳಿಕೆ ಮುಗಿಯಿತು, ದುಡ್ಡಿನ ಮಾತಿಗೆ ಬರೋಣ.

ಇದು 1997, 2001, 2003, 2005ರಲ್ಲಿ ಸೂಪರ್ ಲೀಗ್ (ರಗ್ಬಿ ಲೀಗಿನ ಅತಿ ಮೇಲಿನ ದರ್ಜೆ) ಗೆದ್ದ ಕ್ಲಬ್ಬು, 2003ರಲ್ಲಿ ಚಾಲೆಂಜ್ ಕಪ್ಪನ್ನೂ ಜೊತೆಗೇ ಎತ್ತಿತು. 2012ರ ವಸಂತದಲ್ಲಿ ಅದೇ ಕ್ಲಬ್ಬು ಹತ್ತು ಲಕ್ಷ ಪೌಂಡ್ ಬೇಕು, ಇಲ್ಲದಿದ್ದರೆ ಮುಳುಗುತ್ತೇವೆ ಎಂದು ಅಭಿಮಾನಿಗಳ ಮುಂದೆ ಕೈಯೊಡ್ಡಿತು. ಜನ ಕೊಟ್ಟರು. ಆದರೂ ಜೂನ್‌ನಲ್ಲಿ ಅಡ್ಮಿನಿಸ್ಟ್ರೇಷನ್, ಅಂದರೆ ಸಾಲ ತೀರಿಸಲಾಗದ ಕಂಪನಿಯನ್ನು ಹೊರಗಿನ ಆಡಳಿತಗಾರರ ಕೈಗೆ ಒಪ್ಪಿಸುವುದು. 2014ರ ಆರಂಭದಲ್ಲಿ ಮತ್ತೆ ಅದೇ, ಆರು ಅಂಕ ಕಡಿತ, ಅದೇ ವರ್ಷ ಸೂಪರ್ ಲೀಗಿನಿಂದ ಹೊರಗೆ. 2016ರ ಕೊನೆಗೆ ಮತ್ತೊಮ್ಮೆ, 2017ರ ಜನವರಿಯಲ್ಲಿ ಕಂಪನಿಯೇ ಬರಖಾಸ್ತು. ಹೊಸ ಕಂಪನಿ ಮೈನಸ್ ಹನ್ನೆರಡು ಅಂಕದಿಂದ ಶುರು ಮಾಡಿ ಮೂರನೇ ದರ್ಜೆಗೆ ಜಾರಿತು. 2019ರ ಸೀಸನ್ ಮುಗಿದಮೇಲೆ ಖರ್ಚು ತಾಳದೆ ಆಡ್ಸಲ್ಲನ್ನೇ ಬಿಟ್ಟು ಡ್ಯೂಸ್‌ಬರಿಗೆ ಹೋಗಿ 2021ರಲ್ಲಿ ವಾಪಸಾದರು. ಆರ್‌ಸಿಬಿ ಅಭಿಮಾನಿಗಳು 2025ರವರೆಗೆ ಕಾದದ್ದು ಕಪ್ಪಿಗೆ, ಮುಂದಿನ ವರ್ಷ ತಂಡವೇ ಇರುತ್ತದೋ ಇಲ್ಲವೋ ಅಂತ ಯಾರಿಗೂ ನಿದ್ದೆ ಕೆಟ್ಟಿರಲಿಲ್ಲ. ಇಲ್ಲಿ ನಿಷ್ಠೆ ಅಂದರೆ ಬ್ಯಾಂಕಿನವರು ಕೊಡಲೊಲ್ಲದ ಸಾಲವನ್ನು ಅಭಿಮಾನಿ ಕೊಡುವುದು. ಇದು ಬರೀ ಬ್ರಾಡ್‌ಫರ್ಡಿನ ಕಾಯಿಲೆಯಲ್ಲ. ಸಾಲ್ಫರ್ಡ್ ತಂಡ ಖರ್ಚಿನ ಮಿತಿಯ ಕಟ್ಟಿನಿಂದಾಗಿ 2025ರ ಮೊದಲ ಪಂದ್ಯಕ್ಕೆ ಹುಡುಗರನ್ನೇ ಇಳಿಸಿ ಸೇಂಟ್ ಹೆಲೆನ್ಸ್ ಎದುರು 82-0 ಸೋತಿತು. ಡಿಸೆಂಬರಿನಲ್ಲಿ ಕೋರ್ಟು ಆ ಕಂಪನಿಯನ್ನು ಮುಚ್ಚಿಸಿತು.

ಯಾಕೆ ಹೀಗೆ? ಸೀಸನ್ ಟಿಕೆಟ್ ಮಾರಾಟವಾಗುವುದು ಹೆಚ್ಚಾಗಿ ಚಳಿಗಾಲದಲ್ಲಿ, ಆಟವೇ ಇಲ್ಲದಿರುವಾಗ. ಗೇಟಿನ ಹಣ ಬರುವುದು ಫೆಬ್ರವರಿಯಿಂದ. ಸಂಬಳ, ತೆರಿಗೆ ಮಾತ್ರ ತಿಂಗಳು ತಿಂಗಳಿಗೆ. ಕೈ ಬಿಗಿಯಿರುವ ಕ್ಲಬ್ಬು ನಿಮ್ಮ ಮುಂದಿನ ಬೇಸಿಗೆಯ ದುಡ್ಡಿನಲ್ಲಿ ಕಳೆದ ಶರತ್ಕಾಲದ ಸಾಲ ತೀರಿಸುತ್ತದೆ. ಮೊದಲ ಚೆಂಡು ಒದೆಯುವ ಹೊತ್ತಿಗೆ ಟಿಕೆಟ್ ಹಣ ಖಾಲಿ. ಆಮೇಲೆ ಕಂಪನಿ ಬಿದ್ದರೆ ನೀವು ಭದ್ರತೆಯಿಲ್ಲದೆ ಸಾಲ ಕೊಟ್ಟವರ ಸಾಲಿನ ತುದಿಯಲ್ಲಿ ನಿಂತಿರುತ್ತೀರಿ. ಹೊಸ ಮಾಲೀಕರು ಹಳೇ ಟಿಕೆಟ್ ಒಪ್ಪಿದರೆ ಅದು ಅವರ ದೊಡ್ಡತನ, ನಿಮ್ಮ ಹಕ್ಕೇನಲ್ಲ.

ಹಾಗಾಗಿ ಕಟ್ಟುವ ದಾರಿ ಮುಖ್ಯ. ಕ್ರೆಡಿಟ್ ಕಾರ್ಡಿನಲ್ಲಿ, ನೇರ ಕ್ಲಬ್ಬಿಗೇ ಕಟ್ಟಿ. 1974ರ ಕನ್ಸ್ಯೂಮರ್ ಕ್ರೆಡಿಟ್ ಆ್ಯಕ್ಟಿನ 75ನೇ ಸೆಕ್ಷನ್ ಪ್ರಕಾರ 100 ಪೌಂಡಿಗೂ ಹೆಚ್ಚು, 30,000 ಪೌಂಡ್ ಮೀರದ ವಸ್ತು ಅಥವಾ ಸೇವೆಗೆ ಕಾರ್ಡ್ ಕಂಪನಿಯೂ ಮಾರಿದವರಷ್ಟೇ ಹೊಣೆ. ಬೆಲೆಯ ಒಂದು ಭಾಗ ಮಾತ್ರ ಕಾರ್ಡಿನಲ್ಲಿ ಕಟ್ಟಿದ್ದರೂ ಪೂರ್ತಿ ಮೊತ್ತಕ್ಕೆ ರಕ್ಷಣೆ ಸಿಗುತ್ತದೆ. ಎಡವುವುದು ಎರಡು ಕಡೆ. ತೊಂಬತ್ತು ಪೌಂಡಿನ ಎರಡು ಟಿಕೆಟ್ ಒಟ್ಟಿಗೆ ಕೊಂಡರೆ 180 ಆಯಿತಲ್ಲ ಅನ್ನುವಂತಿಲ್ಲ, ಒಂದೊಂದರ ಬೆಲೆಯೂ ನೂರು ದಾಟಿರಬೇಕು. ನಡುವೆ ಏಜೆಂಟ್ ಬಂದರೆ ಈ ಕೊಂಡಿ ಕಡಿದುಹೋಗಬಹುದು. ಡೆಬಿಟ್ ಕಾರ್ಡಿಗೆ ಚಾರ್ಜ್‌ಬ್ಯಾಕ್, ಅಂದರೆ ಬ್ಯಾಂಕಿನ ಮೂಲಕ ಹಣ ವಾಪಸ್ ಕೇಳುವ ವ್ಯವಸ್ಥೆ ಇದೆ, ಅದು ಕಾನೂನಿನ ಹಕ್ಕಲ್ಲ, ಗಡುವೂ ಇರುತ್ತದೆ. ಕಂತಿನಲ್ಲಿ ಕಟ್ಟುವವರು ಒಪ್ಪಂದ ಕ್ಲಬ್ಬಿನ ಜೊತೆಯೋ ಬೇರೆ ಫೈನಾನ್ಸ್ ಕಂಪನಿಯ ಜೊತೆಯೋ ಓದಿ ನೋಡಿ. ಫೈನಾನ್ಸ್ ಕಂಪನಿಯಾದರೆ ಕ್ಲಬ್ಬು ಮುಚ್ಚಿತೆಂದು ನೀವಾಗಿ ಕಂತು ನಿಲ್ಲಿಸಬೇಡಿ, ಮೊದಲು ಲಿಖಿತವಾಗಿ ದೂರು ಕೊಡಿ. ವೀಸಾ ಮೇಲೆ ಬಂದು ಕ್ರೆಡಿಟ್ ಹಿಸ್ಟರಿ ಈಗಷ್ಟೇ ಕಟ್ಟುತ್ತಿರುವವರಿಗೆ ಒಂದು ತಪ್ಪಿದ ಕಂತಿನ ಕಲೆ ಟಿಕೆಟ್ಟಿಗಿಂತ ದುಬಾರಿ.

‘ಕ್ಲಬ್ ಉಳಿಸಿ’ ಎಂಬ ಚಂದಾಕ್ಕೆ ಇಂಥ ಯಾವ ರಕ್ಷಣೆಯೂ ಇಲ್ಲ. ಕೊಡಲೇಬೇಕು ಅನ್ನಿಸಿದರೆ ಹಣ ಯಾವ ಖಾತೆಗೆ ಹೋಗುತ್ತದೆ, ಗುರಿ ಮುಟ್ಟದಿದ್ದರೆ ವಾಪಸ್ ಬರುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಉತ್ತರ ಬರದಿದ್ದರೆ ಆ ದುಡ್ಡಿನಲ್ಲಿ ಗೆಳೆಯರಿಗೆ ನಾಲ್ಕು ಟಿಕೆಟ್ ಕೊಡಿಸಿ. ಕ್ಲಬ್ಬಿಗೂ ಅದೇ ಹೆಚ್ಚು ಲಾಭ ಅನ್ನುವುದಕ್ಕೆ ಈಗ ಲೆಕ್ಕವೂ ಇದೆ. ಸೂಪರ್ ಲೀಗಿಗೆ ಯಾರನ್ನು ಸೇರಿಸಬೇಕೆಂದು ಇಪ್ಪತ್ತು ಅಂಕದ ಗ್ರೇಡಿಂಗ್ ನಡೆಯುತ್ತದೆ: ಅಭಿಮಾನಿ ಬಳಗಕ್ಕೆ 5, ಆಟದ ಸಾಧನೆಗೆ 5, ಹಣಕಾಸಿಗೆ 4.5, ಸ್ಟೇಡಿಯಮ್ಮಿಗೆ 3, ಊರಿನೊಳಗಿನ ಕೆಲಸಕ್ಕೆ 2.5. ಅಭಿಮಾನಿ ಬಳಗದ ಅಂಕದಲ್ಲಿ ಸರಾಸರಿ ಪ್ರೇಕ್ಷಕರ ಸಂಖ್ಯೆಯೂ ಸೇರಿದೆ. 2014ರಲ್ಲಿ ಕೆಳಗಿಳಿದ ಬ್ರಾಡ್‌ಫರ್ಡ್ 2026ಕ್ಕೆ ಮೇಲೆ ಬಂದದ್ದು ಈ ಅಂಕಗಳಿಂದ, ಯಾವ ಫೈನಲ್ಲನ್ನೂ ಗೆದ್ದಲ್ಲ. ಇಷ್ಟು ವರ್ಷ ಮಳೆಯಲ್ಲಿ ನಿಂತವರ ತಲೆಯೆಣಿಕೆಗೆ ಕಾಗದದ ಮೇಲೆ ಬೆಲೆ ಬಂದದ್ದು ನೋಡಿ, ಗ್ರೇಡಿಂಗ್ ಬಗ್ಗೆ ನನಗಿದ್ದ ಸಿಟ್ಟು ಅರ್ಧ ಇಳಿದಿದೆ. ಗೆದ್ದು ಮೇಲೇರುವುದೇ ಸರಿ ಎಂಬ ಉಳಿದರ್ಧ ಹಾಗೇ ಇದೆ.

ಹಾಗಾದರೆ ಕೊಳ್ಳಬೇಕೋ ಬೇಡವೋ? ಸೀಸನ್ ಟಿಕೆಟ್ ಬೆಲೆಯನ್ನು ಒಂದು ಪಂದ್ಯದ ಗೇಟ್ ಬೆಲೆಯಿಂದ ಭಾಗಿಸಿ. ಬಂದ ಸಂಖ್ಯೆಗಿಂತ ಎರಡು ಮೂರು ಪಂದ್ಯ ಹೆಚ್ಚು ನೋಡುವ ಖಾತ್ರಿ ಇದ್ದರೆ ಕೊಳ್ಳಿ. ಕಪ್ ಪಂದ್ಯಗಳು ಸಾಮಾನ್ಯವಾಗಿ ಅದರಲ್ಲಿ ಸೇರಿರುವುದಿಲ್ಲ, ಶುಕ್ರವಾರದ ಶಿಫ್ಟ್ ಇರುವವರು ಅದನ್ನೂ ಕಳೆಯಿರಿ. ಬ್ರಾಡ್‌ಫರ್ಡ್ ಸುತ್ತಮುತ್ತ ಇರುವವರಿಗೆ ನನ್ನ ಓಟು ಸೀಸನ್ ಟಿಕೆಟ್ಟಿಗೇ. ಲೀಡ್ಸ್ ಆಚೆಯಿಂದ ಬರುವವರು ಪಂದ್ಯಕ್ಕೊಂದು ಟಿಕೆಟ್ ತೆಗೆದುಕೊಂಡರೆ ನಷ್ಟವಿಲ್ಲ. ಮೊದಲ ಸಲಕ್ಕೆ ಲೀಡ್ಸ್ ವಿರುದ್ಧದ ಡರ್ಬಿ ಬೇಡ, ಜನಜಂಗುಳಿಯಲ್ಲಿ ಓಡಾಡಲು ಜಾಗವೇ ಸಿಗುವುದಿಲ್ಲ. ಮೇ ತಿಂಗಳ ಒಂದು ಹಗಲಿನ ಪಂದ್ಯ ಆರಿಸಿ. ಮೊಣಕಾಲು ನೋವಿರುವ ಅಪ್ಪ ಅಮ್ಮ ಊರಿನಿಂದ ಬಂದಿದ್ದರೆ ನಿಲ್ಲುವ ಟಿಕೆಟ್ ಬೇಡವೇ ಬೇಡ, ಮುಖ್ಯ ಸ್ಟ್ಯಾಂಡಿನಲ್ಲಿ ಸೀಟು ತೆಗೆಸಿ. ಎಲ್ಲಿ ಕೂತರೂ ವಾಪಸಾಗುವಾಗ ದಾರಿ ಏರು, ಅವರನ್ನು ಜನ ಖಾಲಿಯಾಗುವವರೆಗೆ ಕೂರಿಸಿಕೊಂಡು ಆಮೇಲೆ ನಿಧಾನವಾಗಿ ಹತ್ತಿಸಿ. ಐದಕ್ಕೆ ಆಟದ ದಿನಕ್ಕೆ ನಾಲ್ಕೂವರೆ, ಕಟ್ಟಿದ ದುಡ್ಡಿನ ಭದ್ರತೆಗೆ ಎರಡು.