‘ಇಂಪ್ರೆಷನ್’ ಎಂದರೆ ನೋಡಿದವರ ಸಂಖ್ಯೆಯಲ್ಲ: ಜಾಹೀರಾತಿಗೆ ಹಣ ಕಟ್ಟುವ ಮುನ್ನ ಓದಿ

ಜಾಹೀರಾತು ಏಜೆನ್ಸಿಯವರು ‘5 ಲಕ್ಷ ಇಂಪ್ರೆಷನ್ ಖಾತರಿ’ ಎಂದು ಬರೆದುಕೊಟ್ಟರೆ, ಆ ಕರಾರಿಗೆ ಸಹಿ ಹಾಕುವ ಮುನ್ನ ದಯವಿಟ್ಟು ಒಂದು ದಿನ ತಡೆಯಿರಿ. ನಾನು ತಡೆಯಲಿಲ್ಲ. ನನ್ನ ಸಣ್ಣ ಉದ್ಯಮದ ಪ್ರಚಾರಕ್ಕೆಂದು ಇಡೀ ವರ್ಷಕ್ಕೆ ಎತ್ತಿಟ್ಟಿದ್ದ ಹಣ ಒಂದೇ ತಿಂಗಳಲ್ಲಿ ಕರಗಿಹೋಯಿತು. ಆ ಕರಾರಿನಲ್ಲಿ ಸುಳ್ಳೆಂದು ಬೊಟ್ಟುಮಾಡಬಹುದಾದ ಒಂದು ಪದವೂ ಇರಲಿಲ್ಲವೆಂಬುದೇ ನನ್ನನ್ನು ಹೆಚ್ಚು ನೋಯಿಸಿದ ಸಂಗತಿ.

‘ಅವರ ಮೇಲೆ ಒಳ್ಳೆಯ ಇಂಪ್ರೆಷನ್ ಬಿತ್ತು’ ಎಂದು ನಾವು ಮಾತನಾಡುವಾಗ ಆ ಪದಕ್ಕೆ ಮನಸ್ಸಿನಲ್ಲಿ ಮೂಡಿದ ಭಾವನೆ ಎಂಬ ಅರ್ಥವಿದೆ. ನಾನು ಅದನ್ನೇ ಹಿಡಿದು, 5 ಲಕ್ಷ ಜನ ನನ್ನ ಜಾಹೀರಾತನ್ನು ಗಮನಿಸುತ್ತಾರೆಂದು ನಂಬಿದೆ. ಮಾರ್ಕೆಟಿಂಗ್‌ನವರ ಲೆಕ್ಕವೇ ಬೇರೆ. ಜಾಹೀರಾತು ಒಂದು ಪರದೆಗೆ ಒಮ್ಮೆ ರವಾನೆಯಾದರೆ ಅದು ಒಂದು ಇಂಪ್ರೆಷನ್; ಒಬ್ಬರಿಗೇ ಹತ್ತು ಸಲ ಹೋದರೆ ಹತ್ತು. ಜಾಹೀರಾತು ಪುಟದ ಬುಡದಲ್ಲಿದ್ದು, ಓದುಗರು ಅಲ್ಲಿಯವರೆಗೆ ಸ್ಕ್ರೋಲ್ ಮಾಡದೆ ಹೊರಟುಹೋದರೂ, ರವಾನೆಯನ್ನಷ್ಟೇ ಎಣಿಸುವ ಪದ್ಧತಿಯಲ್ಲಿ ಅದೂ ಲೆಕ್ಕಕ್ಕೆ ಸೇರುತ್ತದೆ.

ತಿಂಗಳ ಕೊನೆಯಲ್ಲಿ ಬಂದ ವರದಿಯ ಮೊದಲ ಪುಟದಲ್ಲಿ 5,12,000 ಎಂಬ ಸಂಖ್ಯೆ ದಪ್ಪಕ್ಷರದಲ್ಲಿ ಇತ್ತು. ವಿಚಾರಿಸಿ ಕರೆ ಮಾಡಿದವರು ಏಳೇ ಜನ. ಎಷ್ಟು ಬೇರೆ ಬೇರೆ ವ್ಯಕ್ತಿಗಳಿಗೆ ಜಾಹೀರಾತು ತಲುಪಿತು, ಅಂದರೆ ‘ರೀಚ್’ ಎಷ್ಟು ಎಂದು ಮೂರು ಇಮೇಲ್ ಬರೆದ ಮೇಲೆ ಉತ್ತರ ಬಂತು: 20,480. ಭಾಗಿಸಿ ನೋಡಿದರೆ ಒಬ್ಬೊಬ್ಬರಿಗೆ ಸರಾಸರಿ 25 ಸಲ. ಅದೇ ವಾರ ನನ್ನ ಹಳೆಯ ಗ್ರಾಹಕರೊಬ್ಬರು ಫೋನ್ ಮಾಡಿ, “ಮಗು ಮೊಬೈಲಿನಲ್ಲಿ ಗೇಮ್ ತೆರೆದಾಗಲೆಲ್ಲ ನಿಮ್ಮ ಜಾಹೀರಾತೇ ಬರುತ್ತದೆ, ಮುಚ್ಚುವ ಗುರುತು ಎಲ್ಲಿದೆಯೆಂದು ಹುಡುಕುತ್ತಾ ಅದರ ಮೇಲೆಯೇ ಒತ್ತಿಬಿಡುತ್ತದೆ” ಎಂದರು. ವರದಿಯಲ್ಲಿದ್ದ ಕ್ಲಿಕ್‌ಗಳಲ್ಲಿ ಹೆಚ್ಚಿನವು ಒಂದೆರಡು ಸೆಕೆಂಡಿನಲ್ಲೇ ಮುಗಿದಿದ್ದುದು ಏಕೆಂದು ಆಗ ತಿಳಿಯಿತು.

ಏಜೆನ್ಸಿಯವರು ದರ ನಿಗದಿ ಮಾಡಿದ್ದು ಸಿಪಿಎಂ, ಅಂದರೆ ‘ಕಾಸ್ಟ್ ಪರ್ ಮಿಲ್ಲೆ’ (ಸಾವಿರಕ್ಕೆ ಇಷ್ಟು ದರ) ಲೆಕ್ಕದಲ್ಲಿ. ಕೊನೆಯ ‘ಎಂ’ ಸಾವಿರ ಎಂಬರ್ಥದ ಲ್ಯಾಟಿನ್ ಪದ ‘ಮಿಲ್ಲೆ’ಯಿಂದ ಬಂದದ್ದು, ನಾನು ಅದನ್ನು ಮಿಲಿಯನ್ ಎಂದುಕೊಂಡಿದ್ದೆ. ಸಾವಿರ ಇಂಪ್ರೆಷನ್‌ಗೆ ಇಷ್ಟು ಎಂದು ಹಣ ಪಡೆಯುವವರಿಗೆ, ಅಗ್ಗದ ಜಾಗಗಳಲ್ಲಿ ಅದೇ ಜನರಿಗೆ ಮತ್ತೆ ಮತ್ತೆ ತೋರಿಸಿ ಸಂಖ್ಯೆ ತುಂಬಿಸುವುದೇ ಸಲೀಸು. ಇಂಪ್ರೆಷನ್ ನಿರುಪಯುಕ್ತ ಅಳತೆಯೆಂದು ನಾನು ಹೇಳುತ್ತಿಲ್ಲ. ಹೊಸ ಹೆಸರೊಂದು ಜನರ ನೆನಪಿನಲ್ಲಿ ಉಳಿಯಲು ನಾಲ್ಕಾರು ಸಲ ಕಣ್ಣಿಗೆ ಬೀಳಬೇಕಾಗುತ್ತದೆ, ಅದನ್ನು ಅಳೆಯಲು ಇದು ಬೇಕು. ಗಿರಾಕಿಗಳು ಬರುತ್ತಾರೆಂಬ ಭರವಸೆಯಾಗಿ ಅದನ್ನು ಮಾರುವುದು ಮಾತ್ರ ತಪ್ಪು.

ಅಮೆರಿಕದ ಮೀಡಿಯಾ ರೇಟಿಂಗ್ ಕೌನ್ಸಿಲ್ 2014ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ ‘ವ್ಯೂವಬಲ್ ಇಂಪ್ರೆಷನ್’ ಎಂಬುದಕ್ಕೆ ಸ್ಪಷ್ಟ ವ್ಯಾಖ್ಯೆಯಿದೆ: ಸಾಮಾನ್ಯ ಚಿತ್ರ ಜಾಹೀರಾತಾದರೆ ಅದರ ಕನಿಷ್ಠ ಅರ್ಧ ಭಾಗ ಒಂದು ಸೆಕೆಂಡ್ ಕಾಲ, ವಿಡಿಯೊ ಆದರೆ ಎರಡು ಸೆಕೆಂಡ್ ಕಾಲ ಸತತವಾಗಿ ಪರದೆಯ ಮೇಲೆ ಕಾಣುವಂತಿರಬೇಕು. ಅಷ್ಟಾದರೂ ಯಾರೋ ನೋಡಿದರೆಂದು ಅರ್ಥವಲ್ಲ, ನೋಡುವ ಅವಕಾಶವಿತ್ತು ಎಂದಷ್ಟೇ. ನನ್ನ ಕರಾರಿನಲ್ಲಿ ‘ವ್ಯೂವಬಲ್’ ಎಂಬ ಆ ಒಂದು ಪದವೂ ಇರಲಿಲ್ಲ.

ಆದ್ದರಿಂದ ನೀವು ಸಹಿ ಹಾಕುವ ಕಾಗದದಲ್ಲಿ ಇಂಪ್ರೆಷನ್ ಪಕ್ಕದಲ್ಲೇ ರೀಚ್ ಎಷ್ಟೆಂದು ಬರೆಸಿ. ಒಬ್ಬ ವ್ಯಕ್ತಿಗೆ ವಾರದಲ್ಲಿ ಗರಿಷ್ಠ ಎಷ್ಟು ಸಲ ತೋರಿಸುತ್ತಾರೆ ಎಂಬ ಮಿತಿಯನ್ನೂ, ಜಾಹೀರಾತು ಕಾಣಿಸಿಕೊಂಡ ತಾಣ ಮತ್ತು ಆ್ಯಪ್‌ಗಳ ಪಟ್ಟಿಯನ್ನು ವಾರವಾರ ಕೊಡಬೇಕೆಂಬ ಷರತ್ತನ್ನೂ ಸೇರಿಸಿ. ಪೂರ್ತಿ ಹಣವನ್ನು ಮುಂಗಡವಾಗಿ ಕೊಡಬೇಡಿ. ಮೊದಲ ವಾರದ ಪಟ್ಟಿ ಕೈಗೆ ಬಂದು, ಅದನ್ನು ಓದಿದ ಮೇಲೆಯೇ ಎರಡನೆಯ ಕಂತು ಕಟ್ಟಿ.