135 ಬ್ಲಾಕ್ ಅಂತ ಹೇಳಿ ನನ್ನ ಯಮಹಾ ಆರ್‌ಎಕ್ಸ್ 100 ಬೈಕ್ ಹಾಳು ಮಾಡಿದ್ರು, ನೀವು ಮೋಸ ಹೋಗ್ಬೇಡಿ

ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತಿದೀನಿ, ಯಾಕಂದ್ರೆ ನಿನ್ನೆ ಆ ಗ್ಯಾರೇಜ್ ಮುಂದೆ ಹೋದಾಗ ಇನ್ನೂ ಮೂರು ಆರ್‌ಎಕ್ಸ್ ಬಿಚ್ಚಿಟ್ಟಿದ್ರು.

ನಂದು ಅಪ್ಪ ಓಡಿಸ್ತಿದ್ದ 1994ರ ಗಾಡಿ. ದಿನಾ ಕೆಂಗೇರಿಯಿಂದ ಪೀಣ್ಯಕ್ಕೆ ಡ್ಯೂಟಿಗೆ ಹೋಗ್ಬೇಕು, ಪಿಕಪ್ ಸ್ವಲ್ಪ ಜಾಸ್ತಿ ಬೇಕು, ಪರ್ಮಿಷನ್ ಇರೋ ಡ್ರ್ಯಾಗ್ ರೇಸ್ (ನೇರ ರೋಡಲ್ಲಿ ಓಡಿಸೋ ಸ್ಪರ್ಧೆ) ಏನಾದ್ರೂ ಸಿಕ್ರೆ 402 ಮೀಟರ್ ಒಂದ್ಸಲ ಓಡಿಸ್ಬೇಕು, ಇಷ್ಟೇ ಕೇಳಿದ್ದು. "135 ಬ್ಲಾಕ್ ಹಾಕಿ ಪೋರ್ಟಿಂಗ್ ಮಾಡ್ಕೊಡ್ತೀನಿ, ಸಿಟೀಲೂ ಬೆಣ್ಣೆ, ಡ್ರ್ಯಾಗಲ್ಲೂ ಬೆಂಕಿ" ಅಂದ ಗ್ಯಾರೇಜಿನವನು. ಅಂದ್ರೆ ಆರ್‌ಎಕ್ಸ್ 135ರ ದೊಡ್ಡ ಸಿಲಿಂಡರ್ ಬ್ಲಾಕ್ ಹಾಕಿ, ಅದರ ಗಾಳಿ, ಹೊಗೆ ಓಡಾಡೋ ದಾರಿ (ಪೋರ್ಟ್) ಉಜ್ಜಿ ದೊಡ್ಡದು ಮಾಡೋದು. 38,000 ಕೊಟ್ಟೆ. ಬಿಲ್ ಇಲ್ಲ.

ಮೊದಲ್ನೇ ದಿನಾನೇ ನಾಯಂಡಹಳ್ಳಿ ಸಿಗ್ನಲಲ್ಲಿ ಕ್ಲಚ್ ಬಿಟ್ರೆ ಗಾಡಿ ಆಫ್. ಮತ್ತೆ ಆಫ್. ಕಿರುಚೋ ತನಕ ರೇಸ್ ಕೊಟ್ರೆ ಮಾತ್ರ ಒಂದೇ ಸಲ ಎಳ್ಕೊಂಡು ಹೋಗತ್ತೆ. ಫೋನ್ ಮಾಡಿದ್ರೆ "ಡ್ರ್ಯಾಗ್ ಸೆಟ್ಟಿಂಗ್ ಬಾಸ್, ಹಂಗೇ ಇರತ್ತೆ" ಅಂತಾನೆ. ಎಕ್ಸಾಸ್ಟ್ ಪೋರ್ಟ್ (ಹೊಗೆ ಹೊರಗೆ ಹೋಗೋ ದಾರಿ) ಮೇಲಕ್ಕೆ ಉಜ್ಜಿದ್ರೆ ಪವರ್ ಎಲ್ಲಾ ಮೇಲಿನ ಆರ್‌ಪಿಎಂಗೆ ಹೋಗತ್ತೆ, ಕೆಳಗೆ ಟಾರ್ಕ್ (ಎಳೆಯೋ ಶಕ್ತಿ) ಸತ್ತೋಗತ್ತೆ, ಹೊಟ್ಟೆ ಉಬ್ಬಿರೋ ಚೇಂಬರ್ ಸೈಲೆನ್ಸರೂ ಅದರ ರೇಂಜಲ್ಲಿ ಮಾತ್ರ ಕೆಲಸ ಮಾಡೋದು. ಡ್ರ್ಯಾಗಲ್ಲಿ ರೇಸ್ ಹಿಡಿದಿಟ್ಟು ಕ್ಲಚ್ ಬಿಡ್ತಾರೆ, ನಡೆಯತ್ತೆ. ಮೈಸೂರು ರೋಡ್ ಟ್ರಾಫಿಕ್ಕಲ್ಲಿ ಅದನ್ನ ಇಟ್ಕೊಂಡು ಏನ್ ಮಾಡ್ಲಿ? ಇದನ್ನ ದುಡ್ಡು ತಗೊಳ್ಳೋ ಮುಂಚೆ ಹೇಳ್ಬೇಕಿತ್ತಲ್ವಾ?

ಒಂಬತ್ತನೇ ದಿನ ಎಂಜಿನ್ ಸೀಜ್, ಪಿಸ್ಟನ್ ಒಳಗೇ ಸಿಕ್ಕಾಕೊಂಡು ನಿಂತೋಯ್ತು. "ನೀವು ಆಯಿಲ್ ಸರಿಯಾಗಿ ಹಾಕಿಲ್ಲ" ಅಂದ. ಬೇರೆ ಮೆಕ್ಯಾನಿಕ್ ಹತ್ರ ಬಿಚ್ಚಿಸಿದೆ. ಅವರು ವರ್ನಿಯರ್ ಇಟ್ಟು ನೋಡಿ ಸುಮ್ನಾದ್ರು. ಬೋರ್ (ಸಿಲಿಂಡರ್ ಒಳಗಿನ ಅಗಲ) 51 ಎಂಎಂ. 135ಗೆ 58 ಇರ್ಬೇಕು, ಸ್ಟ್ರೋಕ್ (ಪಿಸ್ಟನ್ ಓಡಾಡೋ ಉದ್ದ) ಎರಡಕ್ಕೂ 50. ಅಂದ್ರೆ 100ರ ಬ್ಲಾಕ್‌ನೇ ಒಂದು ಎಂಎಂ ಕೊರೆದು ಓವರ್‌ಸೈಜ್ ಪಿಸ್ಟನ್ ಹಾಕಿದ್ದಾನೆ, 98 ಸಿಸಿ ಇದ್ದಿದ್ದು 102 ಆಗಿದೆ ಅಷ್ಟೇ. ನಾಲ್ಕು ಸಿಸಿ! ನಾಲ್ಕು ಸಿಸಿಗೆ 38,000! ಕಪ್ಪು ಪೇಂಟ್ ಕೆರೆದ್ರೆ, ಅಪ್ಪ ಬಿದ್ದಾಗ ತುದಿ ಮುರಿದಿದ್ದ ಫಿನ್ (ಬ್ಲಾಕ್ ಹೊರಗಿನ ತಂಪು ಮಾಡೋ ಪಟ್ಟಿ) ಅಲ್ಲೇ ಇದೆ. ಅಪ್ಪನ ಬ್ಲಾಕೇ ಅದು. ನಾನು ಒಂದ್ಸಲ ಬಗ್ಗಿ ನೋಡ್ಲಿಲ್ಲ. ಅಲ್ಲೇ ಕೂತ್ಬಿಟ್ಟೆ. ಉಜ್ಜಿದ ಪೋರ್ಟ್ ವಾಪಸ್ ಬರಲ್ಲ.

ಕೇಳಿದ್ದಕ್ಕೆ ಏನಂದ ಗೊತ್ತಾ? "135 ಅಂದಿದ್ದು ಪಿಕಪ್ಪಿಗೆ, ಸಿಸಿಗಲ್ಲ." ಆಮೇಲೆ "ಬೇರೆ ಕಡೆ ಬಿಚ್ಚಿಸಿದ್ರಲ್ಲ, ಇನ್ನು ನಂಗೆ ಸಂಬಂಧ ಇಲ್ಲ." ಆಮೇಲೆ ನನ್ನ ನಂಬರ್ ಬ್ಲಾಕ್ ಮಾಡ್ದ.

ಸಿಲಿಂಡರ್ ಮೇಲಿನ ಹೆಡ್ ಮುಚ್ಚೋ ಮುಂಚೆ ಎದುರಿಗೇ ನಿಂತು ಬೋರ್ ಅಳೆಸಿ, ಹಳೇ ಬ್ಲಾಕ್ ಕೈಗೆ ತಗೊಳ್ಳಿ, ಕೊಡಲ್ಲ ಅಂದ್ರೆ ಗಾಡಿ ತಳ್ಕೊಂಡಾದ್ರೂ ವಾಪಸ್ ಬನ್ನಿ. ಬಿಲ್ ಇಲ್ದೆ ಒಂದು ರೂಪಾಯಿ ಕೊಡ್ಬೇಡಿ. ಪೋರ್ಟ್ ಮುಟ್ಟಿರದ ಸ್ಟ್ಯಾಂಡರ್ಡ್ 100 ಬ್ಲಾಕ್ ಯಾರ ಹತ್ರನಾದ್ರೂ ಇದ್ರೆ ದಯವಿಟ್ಟು ಹೇಳಿ, ಅಳತೆ ಮಾಡೇ ತಗೋತೀನಿ.